ಹೂವಮ್ಮನ ವೇಫರ್ ಆರತಿ

ಸೊರಬ
೨೮ ಆಗಸ್ಟ್ ೨೦೨೫

ಹೂವಮ್ಮಜ್ಜಿಗೆ ಚೈತ್ರ ಮಾಡುವ ನಮಸ್ಕಾರಗಳು.

ನಿಶ್ಚಿತಾರ್ಥದ ದಿನ ನನ್ನ ಗಲ್ಲ ಹಿಡಿದು, “ಕೂಸು ಬಾಳ ಒಣಗೇತಿ, ಚೆಂದಾಗಿ ತಿನ್ನಬೇಕವಾ” ಅಂದಿರಲ್ಲ, ಅದೇ ಚೈತ್ರ. ನಿಮ್ಮ ಮೊಮ್ಮಗ ಮಾಲತೇಶ್ ಅವರ ಕೈ ಹಿಡಿಯಲಿರುವವಳು. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ ಎಂದು ಅವರು ಹೇಳಿದರು. ಕಿವಿಗೆ ಹಾಕುವ ಮಷಿನ್ ಕೊಡಿಸಿದರೆ ಅದು ಗುಂಯ್ ಅನ್ನುತ್ತದೆ ಎಂದು ದೇವರ ಗೂಡಿನಲ್ಲಿ ಇಟ್ಟುಬಿಟ್ಟಿದ್ದೀರಂತೆ. ಆದರೆ ಪೇಪರನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತೀರಂತೆ. ನನಗೆ ಇನ್ನೇನು ಬೇಕು! ನಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ದಿನವೂ ಪಾರ್ಸಲ್ಲು, ಬ್ಯಾಂಕಿನ ನೋಟೀಸುಗಳಿಗೆ ಮುದ್ರೆ ಒತ್ತಿ ಒತ್ತಿ ಬೇಜಾರಾಗಿತ್ತು. ಒಂದು ಒಳ್ಳೆಯ ಕಾಗದಕ್ಕೂ ಒತ್ತೋಣ ಎಂದು ನಾನೇ ಬರೆಯಲು ಕೂತೆ.

ಮೊದಲು ದೂರು. ಮಾಲತೇಶ್ ಅವರು “ಗೌರಿಗೆ ನಮ್ಮಜ್ಜಿ ಮಾಡಿದ ಸಕ್ಕರಿ ಆರತಿ ತಗೊಂಡು ನಿಮ್ಮನಿಗೆ ಬರ್ತೀವಿ” ಅಂದಿದ್ದರು. ಮೊನ್ನೆ ಗೌರಿ ಹಬ್ಬ. ಅಮ್ಮ ಬೆಳಗಿನಿಂದ ಅಡುಗೆ ಮಾಡಿದ್ದೇ ಮಾಡಿದ್ದು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ರಸ್ತೆಗೆ ಹೋಗಿ ನಿಂತಿದ್ದರು. ಅಷ್ಟು ದೂರದಿಂದ ಬರುವವರಿಗೆ ಇರಲಿ ಎಂದು ನಾನು ನನಗೆ ತುಂಬಾ ಇಷ್ಟವಾದ ಚಾಕಲೇಟ್ ವೇಫರುಗಳನ್ನು ತಂದು ತಟ್ಟೆ ತುಂಬ ಜೋಡಿಸಿಟ್ಟಿದ್ದೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಒಬ್ಬರ ಸುಳಿವೂ ಇಲ್ಲ. ನಾನು ಸಿಟ್ಟಿನಲ್ಲಿ ಫೋನ್ ಆರಿಸಿ, ಬಾಗಿಲು ಹಾಕಿಕೊಂಡು, ಅಷ್ಟೂ ವೇಫರನ್ನು ಒಬ್ಬಳೇ ತಿಂದೆ. ಮೊದಲಿನ ನಾಲ್ಕೈದು ಅಳುತ್ತಾ ತಿಂದೆ. ಆಮೇಲಿನವನ್ನು ಖುಷಿಯಿಂದಲೇ ತಿಂದೆ, ಸುಳ್ಳು ಹೇಳಬಾರದು.

ಮರುದಿನ ನಿಮ್ಮ ಮೊಮ್ಮಗ ಬೈಕಿನಲ್ಲಿ ಓಡಿ ಬಂದರು. “ನಮ್ಮ ಕಡಿ ಗೌರಿ ದೀಪಾವಳಿ ಆದಮ್ಯಾಲೆ, ಹುಣ್ಣಿಮಿಗೆ ಬರ್ತಾಳ. ನಿಮ್ಮ ಗೌರಿ ಇಷ್ಟು ಲಗೂ ಬರ್ತಾಳ ಅಂತ ನನಗೇನು ಗೊತ್ತು?” ಅಂದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಶಿಕಾರಿಪುರದ ಕಡೆಗೂ ನಮ್ಮ ಸೊರಬಕ್ಕೂ ಒಂದು ಬಸ್ಸಿನ ದಾರಿ. ಹಬ್ಬಕ್ಕೆ ಮಾತ್ರ ಎರಡು ತಿಂಗಳ ದಾರಿ ಎಂದು ನಮಗೂ ಗೊತ್ತಿರಲಿಲ್ಲ.

ಅಜ್ಜಿ, ಈ ಸಕ್ಕರೆ ಆರತಿ ಎಂದರೆ ಏನು? ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ನೀವೇ ಬರೆದು ತಿಳಿಸಬೇಕು. ಇದರ ಜೊತೆ ಒಂದು ವೇಫರ್ ಪ್ಯಾಕೆಟ್ ಕಳಿಸಿದ್ದೇನೆ. ಹಬ್ಬದ ದಿನ ನೀವು ತಿನ್ನಬೇಕಾಗಿದ್ದ ಪಾಲು ಅದು.

ನಿಮ್ಮ ಮನೆಗೆ ಬರುವ ಆತುರದಲ್ಲಿರುವ,
ಚೈತ್ರ


ಅಂಜನಾಪುರ
೭ ಸೆಪ್ಟೆಂಬರ್ ೨೦೨೫

ಮಗಳು ಚೈತ್ರಾಳಿಗೆ ಹೂವಮ್ಮನ ಆಶೀರ್ವಾದ. ನಾವೂ ನಮ್ಮ ಕುರಿಗಳೂ ಆರಾಮ. ನೀವೂ ಆರಾಮ ಎಂದು ತಿಳಿದಿದ್ದೇನೆ.

ನಿನ್ನ ಕಾಗದ ಬಂದ ದಿನ ಪೋಸ್ಟಿನವನು ಬಾಗಿಲಲ್ಲಿ ಕೂಗಿ ಕೂಗಿ ಸಾಕಾಗಿ, ಕಡೆಗೆ ನನ್ನ ಮೂಗಿನ ಮುಂದೆ ಹಿಡಿದ. ನನ್ನ ಹೆಸರಿಗೆ ಕಾಗದ ಬಂದು ಎಷ್ಟು ಕಾಲವಾಯಿತೋ! ಸೊಸೆ ಪ್ರಮೀಳಾ “ಯಾರದ್ದತ್ತಿ, ಯಾರದ್ದು?” ಎಂದು ಕೈ ಸನ್ನೆ ಮಾಡಿ ಕೇಳಿದಳು. ನಾನು ಹೇಳಲಿಲ್ಲ. ಒಂದಿಷ್ಟು ಹೊತ್ತು ಅವಳೂ ಒದ್ದಾಡಲಿ ಎಂದು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ದನದ ಕೊಟ್ಟಿಗೆಗೆ ಹೋಗಿ ಓದಿದೆ.

ಆ ವೇಫರ್ ಅನ್ನುವುದನ್ನು ನೋಡಿ ಮೊದಲು ಸೀದ ಬಿಸ್ಕತ್ತು ಎಂದುಕೊಂಡೆ. ಪಾಪ, ಕೂಸು ನೋಡದೆ ಕಳಿಸಿದೆ ಎಂದು ಮರುಗಿ, ಚಹದಲ್ಲಿ ಅದ್ದಿದೆ. ಅದ್ದಿದ್ದು ಮೇಲೆ ಬರಲೇ ಇಲ್ಲ. ಲೋಟದ ತಳದಲ್ಲಿ ಕೆಸರಾಗಿ ಕೂತಿತು. ಎರಡನೆಯದನ್ನು ಹಾಗೇ ಕಚ್ಚಿದೆ. ಅಯ್ಯ ನಮ್ಮವ್ವ! ಅದೇನು ಗರಿಗರಿ, ಅದೇನು ಕಂಪು! ಬಾಯಿಗಿಟ್ಟರೆ ಹಲ್ಲಿಗೂ ಕೆಲಸ ಕೊಡದೆ ಕರಗಿತು. ಮೂರನೆಯದನ್ನು ಉಗುರಿನಿಂದ ಪದರ ಪದರ ಬಿಡಿಸಿ, ನಡುವಿನ ಚಾಕಲೇಟನ್ನು ನೆಕ್ಕಿ ನೆಕ್ಕಿ ತಿಂದೆ. ಅಷ್ಟರಲ್ಲಿ ನನ್ನ ಮಗ ನಾಗೇಶ, ಎಂದರೆ ನಿನ್ನ ಮಾವ, ಮೂಸಿಕೊಂಡು ಬಂದ. ಐವತ್ತು ದಾಟಿದೆ, ಸಿಹಿ ಕಂಡರೆ ಇನ್ನೂ ಹುಡುಗಾಟ. ಪ್ಯಾಕೆಟ್ಟನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಯಾರಿಗೂ ಹೇಳಬೇಡ.

ಇನ್ನು ಸಕ್ಕರೆ ಆರತಿ. ನಿಶ್ಚಯವಾದ ಹೆಣ್ಣಿನ ಮನೆಗೆ ಮೊದಲ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಸೀರೆ, ಹೂವು, ಸಕ್ಕರೆ ಗೊಂಬೆ ತೆಗೆದುಕೊಂಡು ಹೋಗುತ್ತಾರೆ. ಸಕ್ಕರೆ ಪಾಕ ಮಾಡಿ, ಹಾಲು ಹಾಕಿ ಕೊಳೆ ತೆಗೆದು, ಮರದ ಅಚ್ಚಿಗೆ ಹೊಯ್ದರೆ ಬೆಳ್ಳಗೆ ಆನೆ, ಗಿಳಿ, ಬಸವಣ್ಣ, ಬಾಳೆಗೊನೆ ಬರುತ್ತವೆ. ಅವನ್ನು ತಟ್ಟೆಯಲ್ಲಿ ಜೋಡಿಸಿ ನಡುವೆ ದೀಪ ಇಟ್ಟು ಹೆಣ್ಣಿಗೆ ಬೆಳಗುತ್ತಾರೆ. ಈ ಊರಿನ ಗೊಂಬೆಗಳೆಲ್ಲ ನನ್ನ ಅಚ್ಚಿನಿಂದಲೇ ಹೊರಡುವುದು. ನಿನಗೆ ಮಾಡುವಂಥ ಆನೆಯನ್ನು ಯಾರಿಗೂ ಮಾಡಿಲ್ಲ, ನೋಡುತ್ತಿರು.

ಇಂತಿ,
ಹೂವಮ್ಮ

ಮರೆತಿದ್ದೆ. ಡಬ್ಬಿಯಲ್ಲಿ ಒಂದೇ ಒಂದು ಉಳಿದಿದೆ.


ಸೊರಬ
೧೬ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಜ್ಜಿಗೆ,

ನಿಮ್ಮ ಕಾಗದವನ್ನು ಕಚೇರಿಯಲ್ಲೇ ಒಡೆದು ಓದಿ ನಗು ತಡೆಯಲಾರದೆ ನಕ್ಕೆ. ಪೆನ್ಷನ್ನಿಗೆ ಬಂದಿದ್ದ ಪರಮಶಿವಪ್ಪನವರು “ಎಂತದು ತಂಗಿ, ನಮ್ಗೂ ಓದು” ಎಂದು ಕೂತೇಬಿಟ್ಟರು. ಓದಿ ಹೇಳಿದೆ, ಬೈಯಬೇಡಿ. ಅವರೂ ಹೋಗುವಾಗ ಬೇಕರಿಗೆ ಹೋಗಿ ವೇಫರ್ ತೆಗೆದುಕೊಂಡು ಹೋದರು. ಮನೆಗೆ ಹೋಗಿ ಪದರ ಬಿಡಿಸಿ ನೋಡುತ್ತಾರಂತೆ.

ಈ ಸಲ ದೊಡ್ಡ ಡಬ್ಬಿಯನ್ನೇ ಕಳಿಸುತ್ತಿದ್ದೇನೆ. ತಿನ್ನುವ ಕ್ರಮ ಹೇಳುತ್ತೇನೆ, ಕೇಳಿ. ಚಹಕ್ಕೆ ಅದ್ದಲೇಬಾರದು. ತಣ್ಣನೆಯ ಹಾಲು ಪಕ್ಕದಲ್ಲಿರಬೇಕು. ಒಂದು ಕಚ್ಚು ವೇಫರ್, ಒಂದು ಗುಟುಕು ಹಾಲು. ಮೇಲೆ ಪೂರ್ತಿ ಚಾಕಲೇಟ್ ಬಳಿದಿರುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅದರ ಅಂಚನ್ನು ಸುತ್ತಲೂ ಇಲಿಯ ಹಾಗೆ ಕಡಿದು, ಆಮೇಲೆ ನಡುವಿನದನ್ನು ಬಾಯಿಗೆ ಹಾಕಿಕೊಳ್ಳಬೇಕು. ಇದು ನನ್ನ ಶಾಸ್ತ್ರ. ಚಿಕ್ಕಂದಿನಲ್ಲಿ ಪರೀಕ್ಷೆ ಮುಗಿದರೆ ವೇಫರ್, ಜ್ವರ ಬಿಟ್ಟರೆ ವೇಫರ್, ಕೆಲಸದ ಆರ್ಡರ್ ಬಂದ ದಿನವೂ ಪೇಡೆ ಬದಲು ಬೀದಿಗೆಲ್ಲ ವೇಫರನ್ನೇ ಹಂಚಿದ್ದೆ.

ಸಕ್ಕರೆ ಆನೆಯ ಕನಸು ಬೀಳತೊಡಗಿದೆ. ನನಗೆ ಗಿಳಿಯೂ ಬೇಕು. ಅಮ್ಮ ಹೊಸ ಮಣೆ ಮಾಡಿಸಿದ್ದಾಳೆ. ನಾನು ಅದರ ಮೇಲೆ ಕೂತಿರುತ್ತೇನೆ, ನೀವು ಎದುರಿಗೆ ನಿಂತು ಆರತಿ ಎತ್ತುತ್ತೀರಿ. ನೀವು ಗಂಭೀರವಾಗಿರಬೇಕು. ನೀವು ನಕ್ಕರೆ ನಾನೂ ನಕ್ಕುಬಿಡುತ್ತೇನೆ, ಆಮೇಲೆ ಫೋಟೋದಲ್ಲಿ ಹಲ್ಲಿಗೆ ಅಂಟಿದ ಚಾಕಲೇಟ್ ಕಾಣುತ್ತದೆ.

ನಿಮ್ಮ ದಾರಿ ಕಾಯುವ,
ಚೈತ್ರ


ಅಂಜನಾಪುರ
೨೬ ಸೆಪ್ಟೆಂಬರ್ ೨೦೨೫

ಚೈತ್ರಾಳಿಗೆ ಅಜ್ಜಿಯ ಹರಕೆ.

ಡಬ್ಬಿ ಬಂತು. ಹಾಲಿನ ಜೊತೆ ತಿಂದೆ. ನೀನು ಹೇಳಿದ್ದು ಖರೆ. ಇಲಿಯ ಹಾಗೆ ಕಡಿಯುವುದಕ್ಕೆ ಮುಂದಿನ ಹಲ್ಲು ಬೇಕು, ಅವು ನನಗಿಲ್ಲ. ಪಕ್ಕದ ಹಲ್ಲಿನಲ್ಲಿ ಕಡಿದೆ. ಸೊಸೆಗೆ ಗೊತ್ತಾಗಿಹೋಯಿತು. ರೊಟ್ಟಿಗೆ ಹಿಟ್ಟು ತೆಗೆಯಲು ಹೋದವಳು ಡಬ್ಬಿಯಿಂದ ಖಾಲಿ ಪ್ಯಾಕೆಟ್ ಎತ್ತಿ ಹಿಡಿದುಕೊಂಡು ಸೊಂಟದ ಮೇಲೆ ಕೈ ಇಟ್ಟು ನಿಂತಳು. ಈಗ ಅತ್ತೆ ಸೊಸೆ ಇಬ್ಬರೂ ಮಧ್ಯಾಹ್ನ ಕೂತು ತಿನ್ನುತ್ತೇವೆ. ನಾಗೇಶನಿಗೆ ಪುಡಿ ಕೊಡುತ್ತೇವೆ.

ಅಚ್ಚುಗಳನ್ನು ಅಟ್ಟದಿಂದ ಇಳಿಸಿ ಒರೆಸಿದ್ದೇನೆ. ಆನೆಯ ಅಚ್ಚಿನ ಸೊಂಡಿಲು ಕೊಂಚ ಸವೆದಿತ್ತು. ಮಾಲತೇಶ ಬಡಿಗನ ಹತ್ತಿರ ಒಯ್ದು ಕೆತ್ತಿಸಿಕೊಂಡು ಬಂದಿದ್ದಾನೆ. ಗಿಳಿಯ ಅಚ್ಚು ಚೆನ್ನಾಗಿದೆ. ಬಾಳೆಗೊನೆಯೂ ಇದೆ.

ಬರುವ ಮಾತು ಬರೆದಿದ್ದೀಯಲ್ಲ. ಕುರಿಗಳನ್ನು ಬಿಟ್ಟು ಎಲ್ಲಿಗೆ ಬರಲಿ? ಮರಿ ಹಾಕುವ ಕಾಲ. ಮಂಡಿಯೂ ನೋಯುತ್ತದೆ. ಕಿವುಡಿ ಬಂದು ನಿಮ್ಮ ಮನೆಯಲ್ಲಿ ಏನು ಮಾಡಬೇಕು? ಪ್ರಮೀಳಾ ಬರುತ್ತಾಳೆ, ಓಣಿಯ ಹೆಂಗಸರು ಬರುತ್ತಾರೆ. ಅವರು ಚೆಂದ ಬೆಳಗುತ್ತಾರೆ. ಗೊಂಬೆ ತಿನ್ನುವಾಗ ನನ್ನನ್ನು ನೆನೆಸಿಕೋ, ಸಾಕು.

ಇಂತಿ,
ಹೂವಮ್ಮ


ಸೊರಬ
೯ ಅಕ್ಟೋಬರ್ ೨೦೨೫

ಪ್ರೀತಿಯ ಅಜ್ಜಿಗೆ,

ನೀವು ಕುರಿ ಎಂದಿರಿ, ಮಂಡಿ ಎಂದಿರಿ, ಕಿವಿ ಎಂದಿರಿ. ಒಂದು ಕೆಲಸ ತಪ್ಪಿಸಲು ಮೂರು ನೆವ ಹೇಳುವವರು ನಮ್ಮ ಕಚೇರಿಯಲ್ಲೂ ಇದ್ದಾರೆ, ಹಾಗಾಗಿ ನನಗೆ ಅನುಮಾನ ಬಂತು. ಮಾಲತೇಶ್ ಅವರನ್ನು ಹಿಡಿದು ಕೇಳಿದೆ. ಬೈಕಿನ ಕನ್ನಡಿ ಒರೆಸುತ್ತಾ ಹೇಳಿದರು. “ತಾತ ಜಟ್ಟಪ್ಪ ಹೋದಮ್ಯಾಲೆ ಅಜ್ಜಿ ಆರತಿ ತಟ್ಟಿ ಮುಟ್ಟಿಲ್ಲ. ಗೊಂಬಿ ಎಲ್ಲಾ ಆಕಿನೇ ಮಾಡ್ತಾಳ. ಆರತಿ ಹೊರಡೋ ಹೊತ್ತಿಗೆ ಕುರಿ ದೊಡ್ಡಿ ಕಡಿಗೆ ಹೋಗಿಬಿಡ್ತಾಳ. ನಾವು ಕರದೂ ಇಲ್ಲ, ಆಕಿ ಬಂದೂ ಇಲ್ಲ.”

ಅಜ್ಜಿ, ನನಗೆ ಅಳು ಬಂತು. ಇಡೀ ಊರಿನ ಹೆಣ್ಣುಮಕ್ಕಳಿಗೆ ಆನೆ, ಗಿಳಿ ಮಾಡಿ ಕೊಡುವವರು ನೀವು. ಅದನ್ನು ಬೆಳಗುವುದನ್ನು ಮಾತ್ರ ನೀವು ನೋಡುವುದಿಲ್ಲ ಎಂದರೆ ಇದು ಯಾವ ಸೀಮೆಯ ನ್ಯಾಯ?

ಅಮ್ಮನಿಗೆ ಹೇಳಿದೆ. “ನಂಗೇನು ಆ ಅಜ್ಜಿ ಮೇಲೆ ಸಿಟ್ಟಾ ಮಾರಾಯ್ತಿ? ಮೊದಲ್ನೇ ಆರತಿ, ಮುತ್ತೈದೆರೇ ಎತ್ಬೇಕು. ನಿನ್ನ ಬಾಳ್ವೆ ಚೆನ್ನಾಗಿರ್ಲಿ ಅಂತ ಅಷ್ಟೆ ನಂಗೆ” ಅಂದಳು. ಅವಳ ಕಣ್ಣಿನಲ್ಲಿ ನಿಜವಾಗಿ ಹೆದರಿಕೆ ಇತ್ತು. ಅಮ್ಮನ ಜೊತೆ ಜಗಳ ಆಡಬಹುದು, ಹೆದರಿಕೆಯ ಜೊತೆ ಹೇಗೆ ಆಡುವುದು? ಸುಮ್ಮನೆ ಎದ್ದು ಬಂದು ಒಂದು ವೇಫರ್ ತಿಂದೆ. ತಿನ್ನುತ್ತಿದ್ದ ಹಾಗೆ ಒಂದು ಯೋಚನೆ ಬಂತು. ಎದ್ದು ಕುಣಿದೆ.

ಸಕ್ಕರೆ ಆರತಿಗೆ ಮುತ್ತೈದೆಯರೇ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆಗಲಿ, ಅದನ್ನು ಪ್ರಮೀಳತ್ತೆಯೇ ಎತ್ತಲಿ. ಆದರೆ ಚಾಕಲೇಟ್ ವೇಫರ್ ಆರತಿಯನ್ನು ಯಾರು ಎತ್ತಬೇಕು, ಯಾರು ಎತ್ತಬಾರದು ಎಂದು ನಿಮ್ಮೂರಿನಲ್ಲಿ ಯಾರಾದರೂ ಹೇಳಿದ್ದಾರಾ? ನಮ್ಮೂರಿನಲ್ಲಂತೂ ಇಲ್ಲ. ವೇಫರಿಗೆ ಶಾಸ್ತ್ರವೇ ಇಲ್ಲ, ಅಜ್ಜಿ! ಇನ್ನೂ ಯಾರೂ ಮಾಡಿಲ್ಲ. ನಾವೇ ಮಾಡಿದರೆ ಆಯಿತು. ವೇಫರ್ ಆರತಿಯನ್ನು ಗಂಡಿನ ಅಜ್ಜಿಯೇ ಎತ್ತಬೇಕು, ಬೇರೆ ಯಾರೂ ಎತ್ತಕೂಡದು. ಇದೇ ಶಾಸ್ತ್ರ.

ಎರಡು ದೊಡ್ಡ ಡಬ್ಬಿ ಕಳಿಸಿದ್ದೇನೆ. ತಿಂದು ಮುಗಿಸಬೇಡಿ. ಕಟ್ಟಿಕೊಂಡು ಬನ್ನಿ.

ನಿಮ್ಮ,
ಚೈತ್ರ


ಅಂಜನಾಪುರ
೧೫ ಅಕ್ಟೋಬರ್ ೨೦೨೫

ಚೈತ್ರಾಳಿಗೆ,

ನೀನು ಓದಿದವಳು. ನಿನಗೆ ಇದೆಲ್ಲ ಆಟ. ಆರತಿ ಆಟವಲ್ಲ.

ನಾಳೆ ನಿನಗೆ ಒಂದು ತಲೆನೋವು ಬಂದರೂ ಹೂವಮ್ಮ ಎತ್ತಿದ ಆರತಿ ಎನ್ನುತ್ತಾರೆ. ಅವರು ಅಂದರೆ ನಾನು ಕೇಳಿಸಿಕೊಳ್ಳುವುದಿಲ್ಲ, ಕಿವಿ ಇಲ್ಲ. ನಿನಗೆ ಕೇಳಿಸುತ್ತದೆ. ಅದಕ್ಕೇ ಹೇಳುತ್ತಿದ್ದೇನೆ.

ಈ ಮಾತು ಮತ್ತೆ ಎತ್ತಬೇಡ. ವೇಫರ್ ಕಳಿಸುವುದೂ ಬೇಡ.

ಹೂವಮ್ಮ


ಸೊರಬ
೨೪ ಅಕ್ಟೋಬರ್ ೨೦೨೫

ಅಜ್ಜಿಗೆ,

ದೀಪಾವಳಿ ಮುಗಿಯಿತು. ಆ ಕಾಗದವಾದ ಮೇಲೆ ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಪ್ರತಿದಿನ ಟಪಾಲು ಚೀಲವನ್ನು ನಾನೇ ಬಿಚ್ಚುತ್ತೇನೆ. ನಿಮ್ಮ ಅಕ್ಷರ ಕಾಣದಿದ್ದರೆ ಉಳಿದದ್ದನ್ನು ವಿಂಗಡಿಸಲು ಮನಸ್ಸೇ ಬರುವುದಿಲ್ಲ.

ನೀವು ಹೇಳಿದಂತೆ ವೇಫರ್ ಕಳಿಸಿಲ್ಲ. ಆಟ ಎಂದಿರಿ. ಆಟವಲ್ಲ ಅಜ್ಜಿ. ನನಗೆ ತಲೆನೋವು ಬಂದರೆ ಮಾತ್ರೆ ತೆಗೆದುಕೊಳ್ಳುತ್ತೇನೆ. ನೀವು ದೊಡ್ಡಿಯಲ್ಲಿ ಕುರಿಗಳ ನಡುವೆ ಕೂತಿದ್ದೀರಿ ಎಂದು ಗೊತ್ತಿದ್ದೂ ನಾನು ಇಲ್ಲಿ ಹೊಸ ಸೀರೆ ಉಟ್ಟು ಕೂತರೆ ಅದಕ್ಕೆ ಯಾವ ಮಾತ್ರೆ ಇದೆ? ಅಮ್ಮನಿಗೂ ಹೀಗೇ ಅಂದೆ. ಅವಳು ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದಳು.

ಹುಣ್ಣಿಮೆಯ ದಿನ ಯಾರು ಆರತಿ ಎತ್ತಿದರೂ ನಾನು ಮಣೆಯ ಮೇಲೆ ಕೂರುತ್ತೇನೆ. ಹಟ ಮಾಡಿ ಎರಡು ಮನೆಗೂ ಬೇಸರ ತರುವುದಿಲ್ಲ. ನನ್ನ ಕಣ್ಣು ಮಾತ್ರ ಬಾಗಿಲ ಕಡೆಗೇ ಇರುತ್ತದೆ.

ಚೈತ್ರ


ಅಂಜನಾಪುರ
೩೧ ಅಕ್ಟೋಬರ್ ೨೦೨೫

ಚೈತ್ರಾಳಿಗೆ ನಿನ್ನ ಅತ್ತೆ ಆಗುವ ಪ್ರಮೀಳಾ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವಿಬ್ಬರೂ ಕಾಗದ ಬರೆದುಕೊಳ್ಳುವುದನ್ನು ನೋಡಿ ನೋಡಿ ನನಗೂ ಆಸೆಯಾಯಿತು. ಮದುವೆಯಾದ ಮೇಲೆ ಇದೇ ಮೊದಲು ಪೆನ್ನು ಹಿಡಿದಿರುವುದು. ತಪ್ಪಿದ್ದರೆ ನಗಬೇಡ.

ನಿನ್ನ ಕಡೆಯ ಕಾಗದವನ್ನು ಅತ್ತೆ ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದರು. ಊಟ ಮಾಡಲಿಲ್ಲ. ಮರುದಿನ ನಾನು ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹಾಕುತ್ತಿದ್ದೆ. ಕಾಗದವನ್ನು ತಂದು ನನ್ನ ಕೈಗಿಟ್ಟು, “ಓದು ಈ ಹುಚ್ಚು ಹುಡುಗಿ ಬರ್ದಿದ್ದನ್ನ” ಎಂದು ಎದುರಿಗೇ ಕೂತರು. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಾರೆ ಎಂದು ತಿಳಿಯಿತು. ಇಷ್ಟು ವರ್ಷ ಅವರು ಮಾಡಿಕೊಟ್ಟ ಆರತಿ ಹಿಡಿದುಕೊಂಡು ಊರೆಲ್ಲ ತಿರುಗಿದವಳು ನಾನು.

“ಹೋಗ್ರಿ ಅತ್ತಿ! ನೀವೇ ಹಿಡೀರಿ ಆರತಿ!” ಅಂದೆ.

ಅತ್ತೆಗೆ ಕೇಳಿಸಲಿಲ್ಲ. “ಹಾಂ?” ಅಂದರು. ಇನ್ನೂ ಜೋರಾಗಿ ಹೇಳಿದೆ. ಮತ್ತೆ “ಹಾಂ?” ಕಡೆಗೆ ಕಿವಿಯ ಹತ್ತಿರ ಬಾಯಿಟ್ಟು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಎದುರು ಮನೆಯ ಉಚ್ಚಂಗಪ್ಪ ಚಹದ ಲೋಟ ಹಿಡಿದುಕೊಂಡು ಹೊರಗೆ ಬಂದ. ಪಕ್ಕದ ಮನೆಯ ಸೌಂದರ್ಯ ಬಟ್ಟೆ ಒಗೆಯುವುದನ್ನು ಬಿಟ್ಟು ಬಂದಳು. “ಏನಂತ? ಹೂವಮ್ಮಾರು ಆರತಿ ಹಿಡೀತಾರಂತ?” ಎಂದು ಓಣಿಗೆಲ್ಲ ಸುದ್ದಿ. ಬಾಯಿಂದ ಹೊರಬಿದ್ದಾಯಿತು, ಇನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಉಚ್ಚಂಗಪ್ಪ ಏನೋ ತೆಗಳುವುದಕ್ಕೆ ಬಾಯಿ ತೆರೆದ. ಸೌಂದರ್ಯ “ನಿಮ್ಮನಿ ಗೊಂಬಿ ಮಾಡೋರು ಯಾರು ಕಾಕಾ, ಈ ವರ್ಷ ಬ್ಯಾಡೇನು?” ಎಂದಳು. ಆತ ಚಹ ಕುಡಿದ.

ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಡಬ್ಬಿ ತೆರೆದ ಸದ್ದಾಯಿತು. ಹೋಗಿ ನೋಡಿದರೆ ನಿನ್ನ ವೇಫರನ್ನೆಲ್ಲ ಒರಳಿಗೆ ಹಾಕಿ ಪುಡಿ ಮಾಡುತ್ತಿದ್ದಾರೆ! ಸಕ್ಕರೆಯ ಹಾಗೆಯೇ ಅಚ್ಚಿಗೆ ತುಂಬಿ ಗೊಂಬೆ ಮಾಡಬೇಕೆಂದು ಲೆಕ್ಕ ಹಾಕಿದ್ದರು. ಪಾಕ ಹಾಕಿ ಕಲಸಿ, ಆನೆಯ ಅಚ್ಚಿಗೆ ಒತ್ತಿ, ಹೋಳುಗಳನ್ನು ಕೂಡಿಸಿ ದಾರ ಬಿಗಿದು ಇಟ್ಟರು. ಬಿಚ್ಚಿದಾಗ ಹೊರಬಂದದ್ದು ಕರ್ರಗಿನ, ಸೊಂಡಿಲು ಮುರಿದ ಎಮ್ಮೆ. ನಾನು ನಕ್ಕೆ. ಅತ್ತೆ ನನ್ನನ್ನು ನೋಡಿ ನಕ್ಕರು. ನಿನ್ನ ಮಾವ ಆ ಎಮ್ಮೆಯನ್ನು ಬಾಲದಿಂದ ಹಿಡಿದು ತಿನ್ನಲು ಶುರು ಮಾಡಿದರು.

ಈಗ ಹೊಸದಾಗಿ ಡಬ್ಬಿ ತರಿಸಿದ್ದಾರೆ. ಪುಡಿ ಮಾಡದೆ, ಇಡಿ ಇಡಿಯಾಗಿ, ಪಾಕವನ್ನೇ ಅಂಟು ಮಾಡಿಕೊಂಡು ಗೋಡೆ ಕಟ್ಟುತ್ತಿದ್ದಾರೆ. ಬಳ್ಳಿಗಾವಿಯ ಗುಡಿಯ ಶಿಖರದ ಹಾಗೆ ಮಾಡುತ್ತಾರಂತೆ. ಮಾಲತೇಶನನ್ನು ಬೆಳಿಗ್ಗೆಯೇ ಅಲ್ಲಿಗೆ ಓಡಿಸಿ ಎಲ್ಲಾ ಮಗ್ಗುಲಿನಿಂದಲೂ ಫೋಟೋ ತೆಗೆಸಿಕೊಂಡರು. ಒಂದು ಗೋಡೆಯನ್ನು ಕುರಿಮರಿ ನೆಕ್ಕಿ ಕೆಡವಿತು. ಮರಿಗೂ ಬೈಗುಳ, ಬಾಗಿಲು ಹಾಕದ ನನಗೂ ಬೈಗುಳ. ಮನೆ ಮದುವೆ ಮನೆಯೇ ಆಗಿಹೋಗಿದೆ.

ಮುಂದೆ ಅತ್ತೆ ವೇಫರ್ ಆರತಿ ಹಿಡಿದುಕೊಂಡು ಬರುತ್ತಾರೆ, ಹಿಂದೆ ನಾನು ಸಕ್ಕರೆ ಆರತಿ ಹಿಡಿದುಕೊಂಡು ಬರುತ್ತೇನೆ. ನಿಮ್ಮ ತಾಯಿಯವರ ಮನಸ್ಸು ಏನೋ ತಿಳಿಯದು. ಬೀಗರ ಮನೆ ಬಾಗಿಲಲ್ಲಿ ಅತ್ತೆಗೆ ಒಂದು ಮಾತು ಬಂದರೆ ಅವರು ಮತ್ತೆ ಎಲ್ಲಿಗೂ ಬರುವವರಲ್ಲ. ನೀನೇ ನೋಡಿಕೋ ಮಗಳೇ. ಅದೊಂದೇ ಹೆದರಿಕೆ ನನಗೆ.

ನಿನ್ನ ಅತ್ತೆ,
ಪ್ರಮೀಳಾ


ಅಂಜನಾಪುರ
೮ ನವೆಂಬರ್ ೨೦೨೫

ಮಗಳು ಚೈತ್ರಾಳಿಗೆ ಹೂವಮ್ಮನ ಆಶೀರ್ವಾದ.

ಹುಣ್ಣಿಮೆ ಮುಗಿದು ಮನೆ ಸೇರಿದೆವು. ಅಚ್ಚುಗಳನ್ನು ತೊಳೆದು ಅಟ್ಟಕ್ಕೆ ಹಾಕಿದೆ. ನನ್ನ ಮೈಮೇಲೆ ಇನ್ನೂ ಚಾಕಲೇಟಿನ ವಾಸನೆ ಇದೆ.

ಬರುವಾಗಿನ ಸಂಭ್ರಮ ನಿನಗೆ ಹೇಳಬೇಕು. ಗಾಡಿಯಲ್ಲಿ ಮುಂದಿನ ಸೀಟು ನನಗೇ. ತೊಡೆಯ ಮೇಲೆ ವೇಫರ್ ಗುಡಿ. ಮಾಲತೇಶ ಪ್ರತಿ ಗುಂಡಿಗೂ ನನ್ನ ಮುಖ ನೋಡುತ್ತಿದ್ದ. ಬಳ್ಳಿಗಾವಿ ಹತ್ತಿರ ನಿಲ್ಲಿಸು ಎಂದೆ. ಇಳಿದು, ನನ್ನ ಗುಡಿಯನ್ನು ಆ ಗುಡಿಯ ಎದುರು ಹಿಡಿದು ನೋಡಿದೆ. ನನ್ನದರ ಕಳಸ ಒಂದಿಷ್ಟು ವಾರೆಯಾಗಿತ್ತು, ಅಷ್ಟೇ. ನೋಡಲು ಬಂದಿದ್ದ ಪ್ಯಾಟೆಯ ಹುಡುಗಿಯರು ಓಡಿ ಬಂದು ಫೋಟೋ ತೆಗೆದುಕೊಂಡರು. ಕಲ್ಲಿನ ಗುಡಿಯನ್ನು ಬಿಟ್ಟು ನನ್ನದನ್ನು ತೆಗೆದರು, ತಿಳಿಯಿತೇ?

ನಿಮ್ಮ ಮನೆಯ ಬಾಗಿಲಲ್ಲಿ ನಿನ್ನ ಅಪ್ಪ ಕೈ ಮುಗಿದರು. ನಿನ್ನ ಅವ್ವ ಸುಮಾ ನನ್ನ ಕಾಲಿಗೆ ನೀರು ಕೊಟ್ಟಳು, ಮುಖ ನೋಡಲಿಲ್ಲ. ನೀನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ನೀನೇ ಮೊದಲು ನಕ್ಕೆ ನೋಡು, ನಗಬೇಡ ಎಂದವಳೂ ನೀನೇ! ಅಷ್ಟು ಹೆಂಗಸರು ಸುತ್ತ ನಿಂತು ಹಾಡುತ್ತಿದ್ದರು. ನನಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ದೀಪ ಹಚ್ಚಿ ತಟ್ಟೆ ಎತ್ತಿದೆ. ಧೈರ್ಯಕ್ಕೆಂದು ಮನಸ್ಸಿನಲ್ಲೇ ಒಂದು ಹಾಡು ಹೇಳಿಕೊಂಡೆ. ನನಗೆ ನಿಶ್ಚಯವಾದ ವರ್ಷ ನನ್ನ ಅತ್ತೆ ಆರತಿ ತಂದು ನನ್ನೆದುರು ನಿಂತು ಹಾಡಿದ್ದ ಹಾಡು ಅದು.

ಆಮೇಲಿನದನ್ನು ಕೇಳಬೇಕೆಂದೇ ಈ ಕಾಗದ ಬರೆಯುತ್ತಿದ್ದೇನೆ. ತಟ್ಟೆಯನ್ನು ಎರಡನೇ ಸಲ ಸುತ್ತಿಸುವ ಹೊತ್ತಿಗೆ ಹೆಂಗಸರ ಬಾಯಿಗಳು ಒಂದೊಂದಾಗಿ ನಿಂತವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಂಬದ ಹತ್ತಿರ ನಿಂತಿದ್ದ ಬಿಳಿ ಸೆರಗಿನ ಮುದುಕಿ ಏನೋ ಅಂದಳು. ನಿನ್ನ ಅವ್ವ ತಿರುಗಿ ಅವಳ ತೋಳು ಹಿಡಿದು ಏನೋ ಅಂದಳು. ನಾನು ಆರತಿ ಎತ್ತಿದ್ದಕ್ಕೇ ಈ ಮಾತು ಎಂದು ನನಗೆ ತಿಳಿಯಿತು. ತಟ್ಟೆ ಕೆಳಗಿಟ್ಟು ಕೈ ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋದೆ. ಊಟದ ಹೊತ್ತಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. ಬೀಗರಲ್ಲವೇ, ಮಾತಾಡಿಸಲೇಬೇಕು. ದಾರಿಯಲ್ಲಿ ನಾನು ಯಾರನ್ನೂ ಕೇಳಲಿಲ್ಲ.

ನೀನು ಮುಚ್ಚಿಡಬೇಡ. ಏನು ಅಂದರು, ಇದ್ದ ಹಾಗೆ ಬರೆ. ನಿನ್ನ ಅವ್ವನ ಮನಸ್ಸು ನೊಂದಿದ್ದರೆ ನಮ್ಮ ಶಿಕಾರಿಪುರದ ಹುಚ್ಚರಾಯಸ್ವಾಮಿ ದೇವರಿಗೆ ಪೂಜೆ ಮಾಡಿಸುತ್ತೇನೆ. ಮದುವೆಗೆ ನಾನು ದೂರ ಕೂರುತ್ತೇನೆ. ನೀನು ಚೆನ್ನಾಗಿದ್ದರೆ ಸಾಕು ನನಗೆ.

ಇಂತಿ,
ಹೂವಮ್ಮ


ಸೊರಬ
೧೧ ನವೆಂಬರ್ ೨೦೨೫

ನನ್ನ ಅಜ್ಜಿಗೆ,

ನಿಮ್ಮ ಕಾಗದ ಓದಿದ ಕೂಡಲೇ ಕೌಂಟರ್ ಬಿಟ್ಟು ಎದ್ದುಬಿಟ್ಟೆ. ಸಾಲಿನಲ್ಲಿದ್ದವರು ಬೈದುಕೊಂಡಿರಬೇಕು. ಮನೆಗೆ ಓಡಿ ಹೋಗಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬಾಯಿಗೆ ಸೆರಗು ಹಿಡಿದು ಕೂತಳು. ಈಗ ನನ್ನ ಪಕ್ಕದಲ್ಲೇ ಕೂತು, ಒಂದು ಮಾತೂ ಬಿಡದೆ ಬರಿ ಎಂದು ಕಾವಲು ಕಾಯುತ್ತಿದ್ದಾಳೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಗುಡಿಯಲ್ಲಿ ಒಂದು ಚೂರೂ ಉಳಿದಿಲ್ಲ. ನೀವು ಗಾಡಿ ಹತ್ತಿ ಹೋದ ಕೂಡಲೇ ಬೀದಿಯ ಮಕ್ಕಳೆಲ್ಲ ಮುತ್ತಿಕೊಂಡರು. ಶಿಖರ ಪರಮಶಿವಪ್ಪನವರಿಗೆ, ಬಾಗಿಲು ಅಪ್ಪನಿಗೆ, ಒಳಗಿನ ಗರ್ಭಗುಡಿ ನನಗೆ. ಪಾಕ ಬಿದ್ದ ವೇಫರ್ ಅಷ್ಟು ಗಟ್ಟಿಯಾಗಿ ಕಟಕಟ ಅನ್ನುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ದೀಪದ ಬಿಸಿಗೆ ಒಂದು ಕಡೆಯ ಚಾಕಲೇಟ್ ಕರಗಿತ್ತು. ಅದನ್ನು ದೋಸೆಗೆ ಹಚ್ಚಿಕೊಂಡು ತಿಂದೆವು. ಸಕ್ಕರೆ ಆನೆಯನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಅದು ದೇವರ ಮುಂದೆ ಇದೆ.

ಇನ್ನು ನೀವು ಕೇಳಿದ ಮಾತು. ಇದ್ದ ಹಾಗೇ ಬರೆಯುತ್ತೇನೆ.

ಹೆಂಗಸರು ಹಾಡು ನಿಲ್ಲಿಸಿದ್ದು ನಿಜ. ಕಂಬದ ಹತ್ತಿರ ನಿಂತಿದ್ದವರು ಪಕ್ಕದ ಮನೆಯ ಈಶ್ವರಮ್ಮ. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡವರು. ಯಾರ ಮನೆಯ ಆರತಿಗೂ ಪಡಸಾಲೆಯವರೆಗೆ ಬಂದವರಲ್ಲ. ನೀವು ತಟ್ಟೆ ಹಿಡಿದು ಒಳಗೆ ಬಂದದ್ದನ್ನು ನೋಡಿ, ಅಡುಗೆಮನೆಯಿಂದ ಒಂದೊಂದೇ ಹೆಜ್ಜೆ ಮುಂದೆ ಬಂದು ಕಂಬ ಹಿಡಿದು ನಿಂತಿದ್ದರು. ಅವರು ಅಂದದ್ದು ಇಷ್ಟು: “ಸುಮಾ, ಈ ಹಾಡು ನಮ್ಮವ್ವ ಹೇಳ್ತಿದ್ಲು ಕಣೇ.” ಅಮ್ಮ ಅವರ ತೋಳು ಹಿಡಿದು ಅಂದದ್ದು: “ಸುಮ್ನಿರಿ ಚಿಕ್ಕಮ್ಮ, ಅಜ್ಜಿ ಹಾಡ್ತಿದಾರೆ. ಪೂರ್ತಿ ಕೇಳನ.”

ಅಜ್ಜಿ, ನೀವು ಮನಸ್ಸಿನಲ್ಲಿ ಹಾಡಿಕೊಳ್ಳಲಿಲ್ಲ. ಬಾಯಿ ತೆರೆದು ಹಾಡಿದಿರಿ, ಬೀದಿಯ ಕೊನೆಗೂ ಕೇಳುವಷ್ಟು ಗಟ್ಟಿಯಾಗಿ. ನಿಮ್ಮ ದನಿ ಎದ್ದ ಮೇಲೆ ಉಳಿದವರು ಒಬ್ಬೊಬ್ಬರಾಗಿ ತಮ್ಮ ಹಾಡು ಬಿಟ್ಟರು. ನೀವು ಗೊತ್ತಿದ್ದೇ ಹಾಡುತ್ತಿದ್ದೀರಿ ಎಂದು ನಾವೆಲ್ಲ ತಿಳಿದಿದ್ದೆವು. ಪ್ರಮೀಳತ್ತೆಗೆ ಈಗ ಫೋನ್ ಮಾಡಿದ್ದೆ. ಅವರೂ ಹಾಗೇ ಅಂದುಕೊಂಡಿದ್ದರಂತೆ. ಅದಕ್ಕೇ ಯಾರೂ ನಿಮಗೆ ಹೇಳಲಿಲ್ಲ.

ನೀವು ತಟ್ಟೆ ಇಟ್ಟು ಹಿತ್ತಲಿಗೆ ಹೋದಾಗ ಇಲ್ಲಿ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಮ್ಮ ನನ್ನ ಹತ್ತಿರ ಬಂದು, “ಇನ್ನು ಹೆದ್ರಿಕೆ ಇಲ್ಲ ನಂಗೆ” ಅಂದಳು. ಮೊನ್ನೆ ಈಶ್ವರಮ್ಮ ಬಂದಿದ್ದರು. ಅವರ ಮೊಮ್ಮಗಳ ನಿಶ್ಚಯ ಮುಂದಿನ ತಿಂಗಳು. ಬೇಕರಿಯಲ್ಲಿ ಯಾವ ವೇಫರ್ ಕೇಳಬೇಕು ಎಂದು ತಿಳಿದುಕೊಂಡು ಹೋದರು.

ಅಮ್ಮ ಹೇಳುತ್ತಿರುವುದನ್ನು ಹಾಗೇ ಬರೆಯುತ್ತಿದ್ದೇನೆ: “ಮದ್ವೆ ದಿನ ಧಾರೆ ಆದ್ಮೇಲೆ ಮೊದಲ್ನೇ ಆರತಿ ಅಜ್ಜಿದೇ ಅಂತ ಬರಿ. ದೂರ ಕೂರ್ತೀನಿ ಅಂದ್ರೆ ನಾನೇ ಬಂದು ಕೈ ಹಿಡ್ಕೊಂಡು ಬರ್ತೀನಿ ಅಂತನೂ ಬರಿ.”

ಬರೆದೆ. ನನ್ನದು ಒಂದೇ ಮಾತು. ಆ ದಿನವೂ ಅದೇ ಹಾಡು ಹಾಡಿ, ಅಜ್ಜಿ. ಈ ಸಲ ಗೊತ್ತಿದ್ದೇ ಹಾಡಿ.

ನಿಮ್ಮ ಮೊಮ್ಮಗಳು,
ಚೈತ್ರ